ಮದುಮಗಳ ಮೈಬಣ್ಣ ನಿರ್ಧರಿಸೋದು ಯಾರು? ಎಡಿಟಿಂಗ್ ಟೇಬಲ್ ಮೇಲಿನ ಮಾನಿಟರ್!

ಕಳೆದ ವರ್ಷ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಪ್ರೀ-ವೆಡ್ಡಿಂಗ್ ಶೂಟ್ ಅಂತ ನವಿಲುತೀರ್ಥಕ್ಕೆ ಹೋಗಿದ್ವಿ. ಗುಡ್ಡ ಸೀಳಿಕೊಂಡು ಹರಿಯೋ ಮಲಪ್ರಭೆ, ಸುತ್ತ ಕೆಂಪು ಬಂಡೆ, ಸಂಜೆ ಬಿಸಿಲು. ಫೋಟೊ ಕೆಡೋಕೆ ಕಾರಣವೇ ಇರಲಿಲ್ಲ.

ಆದರೂ ಕೆಟ್ಟವು. ಸ್ಟುಡಿಯೊದಲ್ಲಿ ಎಡಿಟಿಂಗಿಗೆ ಕೂತಾಗ ಮನೆಯ ಹಿರಿಯರೊಬ್ಬರು, "ತಮ್ಮಾ, ಹುಡುಗೀನ ಸ್ವಲ್ಪ ಬೆಳ್ಳಗ ಮಾಡಪಾ" ಅಂದ್ರು. ಹುಡುಗ ಸ್ಲೈಡರ್ ಎಳೆದ. ಸ್ಕ್ರೀನ್ ಮೇಲೆ ಎಲ್ಲರಿಗೂ ಚಂದ ಕಾಣಿಸ್ತು. ಆಲ್ಬಮ್ ಪ್ರಿಂಟ್ ಆಗಿ ಬಂದಾಗ ಮುಖ ಕಾಮಾಲೆ ಆದವರಂತೆ ಹಳದಿ, ಕೈ ಬೇರೆ ಬಣ್ಣ, ಹಿಂದಿನ ಬಂಡೆಗಳು ಬರೀ ಕಪ್ಪು ಗುಪ್ಪೆ. ತಂಗಿ ನೋಡಿ ಕೇಳಿದ್ದು ಒಂದೇ ಮಾತು: "ಅಣ್ಣಾ, ಇದರಾಗ ನಾ ಎಲ್ಲಿ ಅದೀನಿ?"

ಇಲ್ಲಿ ಎರಡು ತಪ್ಪಿವೆ. ಒಂದು ಮನಸ್ಸಿನದು, ಇನ್ನೊಂದು ಯಂತ್ರದ್ದು. ಮೊದಲು ಯಂತ್ರದ್ದನ್ನು ನೋಡೋಣ.

ಕಾಟಾ ಸರಿ ಇದೆಯಾ?

ಡಿಜಿಟಲ್ ಫೋಟೊದಲ್ಲಿ ಇರೋದು ಬಣ್ಣವಲ್ಲ, ಅಂಕಿ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ ಸಾಮಾನ್ಯವಾಗಿ 0ಯಿಂದ 255ರೊಳಗಿನ ಮೂರು ಸಂಖ್ಯೆ. ಆ ಸಂಖ್ಯೆಯನ್ನು ಬೆಳಕಾಗಿ ಮಾಡೋದು ಸ್ಕ್ರೀನಿನ ಕೆಲಸ. ಒಂದೇ ಸಂಖ್ಯೆಯನ್ನು ಒಂದೊಂದು ಸ್ಕ್ರೀನ್ ಒಂದೊಂದು ಥರ ತೋರಿಸುತ್ತೆ.

ಎಷ್ಟೋ ಮಾನಿಟರ್‌ಗಳು ಫ್ಯಾಕ್ಟರಿಯಿಂದ ಬರುವಾಗಲೇ ವಿಪರೀತ ಪ್ರಖರವಾಗಿ, ತುಸು ನೀಲಿಯಾಗಿ ಇರ್ತವೆ. ಅಂಗಡಿಯ ಲೈಟಿನಲ್ಲಿ ಅದು ಕಣ್ಣಿಗೆ ಹೊಡೆಯುತ್ತೆ, ಮಾರಾಟವಾಗುತ್ತೆ. ಅದರ ಮುಂದೆ ಕೂತ ಎಡಿಟರ್‌ಗೆ ಫೋಟೊ ನೀಲಿಯಾಗಿ ಕಾಣುತ್ತೆ, ಅವನು ಹಳದಿ ಸೇರಿಸ್ತಾನೆ. ಬೆಳಕು ಜಾಸ್ತಿ ಅನಿಸುತ್ತೆ, ಕತ್ತಲು ಮಾಡ್ತಾನೆ. ತಪ್ಪು ಇದ್ದದ್ದು ಸ್ಕ್ರೀನಿನಲ್ಲಿ, ತಿದ್ದಿದ್ದು ಫೋಟೊವನ್ನು. ಪ್ರಿಂಟಿಗೆ ಹೋಗೋದು ಫೋಟೊ ಮಾತ್ರ. ನಮ್ಮ ಆಲ್ಬಮ್ಮಿನ ಕಾಮಾಲೆ, ಕಪ್ಪು ಗುಪ್ಪೆ ಎರಡಕ್ಕೂ ಮೂಲ ಇದು.

ರೈತರ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತೆ. ಬೈಲಹೊಂಗಲದ ಎಪಿಎಂಸಿಗೆ ಹತ್ತಿ ಒಯ್ದಾಗ ಕಾಟಾ ಮೇಲೆ ಅನುಮಾನ ಬಂದ್ರೆ ಏನ್ ಮಾಡ್ತೀವಿ? ತೂಕ ಗೊತ್ತಿರೋ ಬಟ್ಟು ಇಟ್ಟು ನೋಡು ಅಂತೀವಿ. ಮಾನಿಟರ್ ಕ್ಯಾಲಿಬ್ರೇಶನ್ ಅಂದ್ರೂ ಅಷ್ಟೇ. ಕಲರಿಮೀಟರ್ ಅನ್ನೋ ಅಂಗೈಯಗಲದ ಸಾಧನವನ್ನು ಸ್ಕ್ರೀನಿಗೆ ತಾಗಿಸಿ ಇಡ್ತಾರೆ. ಸಾಫ್ಟ್‌ವೇರ್ ಗೊತ್ತಿರೋ ಬಣ್ಣಗಳನ್ನು ಒಂದೊಂದಾಗಿ ತೋರಿಸುತ್ತೆ, ಸಾಧನ ನಿಜಕ್ಕೂ ಬಂದ ಬೆಳಕನ್ನು ಅಳೆಯುತ್ತೆ. ವ್ಯತ್ಯಾಸ ಎಷ್ಟಿದೆ ಅಂತ ಐಸಿಸಿ ಪ್ರೊಫೈಲ್ ಅನ್ನೋ ಸಣ್ಣ ಫೈಲಿನಲ್ಲಿ ಬರೆದಿಡುತ್ತೆ. ಮುಂದೆ ಕಂಪ್ಯೂಟರ್ ಆ ಲೆಕ್ಕ ನೋಡಿಕೊಂಡೇ ಬಣ್ಣ ತೋರಿಸುತ್ತೆ.

ಬಣ್ಣವನ್ನು ಹೀಗೆ ಸಂಖ್ಯೆಯಲ್ಲಿ ಅಳೆಯೋ ಪದ್ಧತಿಯನ್ನು ಬೆಳಕು-ಬಣ್ಣದ ಅಂತಾರಾಷ್ಟ್ರೀಯ ಆಯೋಗ ಸಿಐಇ 1931ರಲ್ಲೇ ರೂಪಿಸಿತು. ನಮ್ಮ ರಾಷ್ಟ್ರಧ್ವಜದ ಕೇಸರಿ, ಹಸಿರು ಕೂಡ ಭಾರತೀಯ ಮಾನಕ ಬ್ಯೂರೊದ ದಾಖಲೆಯಲ್ಲಿ ಇಂಥ ಸಂಖ್ಯೆಗಳಾಗೇ ಇವೆ. ಹುಬ್ಬಳ್ಳಿಯ ಬೆಂಗೇರಿ ಖಾದಿ ಕೇಂದ್ರದಲ್ಲಿ ಹೊಲಿಯೋ ಧ್ವಜದ ಬಣ್ಣ ಆ ಅಳತೆಗೆ ಹೊಂದಲೇಬೇಕು. ಬಟ್ಟೆಯ ಕೇಸರಿಗೆ ಇಷ್ಟು ಶಿಸ್ತು ಬೇಡುವ ನಾವು ಮನುಷ್ಯರ ಮೈಬಣ್ಣವನ್ನು ಮಾತ್ರ ಸ್ಲೈಡರಿಗೆ ಬಿಟ್ಟಿದ್ದೇವೆ.

ಯಾರ ಚರ್ಮ 'ನಾರ್ಮಲ್'?

ಇನ್ನು ಮನಸ್ಸಿನ ತಪ್ಪು. ಅಳತೆಗೋಲು ಇದ್ದರೆ ಸಾಲದು, ಅದನ್ನು ಯಾರಿಗಾಗಿ ಮಾಡಿದ್ದು ಅನ್ನೋದೂ ಮುಖ್ಯ. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಒಂದು ಮಾದರಿ ಫೋಟೊ ಕಳಿಸ್ತಿತ್ತು. ಅದರಲ್ಲಿ ಇದ್ದದ್ದು ಬಿಳಿ ಚರ್ಮದ ಹೆಣ್ಣುಮಗಳು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ 'ಶರ್ಲಿ ಕಾರ್ಡ್' ಅಂತಲೇ ಹೆಸರಾಯ್ತು. ಶರ್ಲಿಯ ಮುಖ ಸರಿಯಾಗಿ ಬಂದ್ರೆ ಯಂತ್ರ ಸರಿ ಇದೆ ಅಂತ ಲೆಕ್ಕ. ಕಪ್ಪು ಚರ್ಮದವರ ಮುಖದ ವಿವರ ಕಳೆದುಹೋದ್ರೆ ಅದು ಯಂತ್ರದ ದೋಷ ಅಂತ ಯಾರೂ ಬರೆದುಕೊಳ್ಳಲಿಲ್ಲ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ಅಧ್ಯಯನ ಮಾಡಿದಾಗ ಇನ್ನೊಂದು ಸಂಗತಿ ಸಿಕ್ಕಿತು: ಕಂದು ಬಣ್ಣ ಸರಿಯಾಗಿ ಬರ್ತಿಲ್ಲ ಅಂತ ಕಂಪನಿಯ ಮೇಲೆ ಒತ್ತಡ ತಂದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರೂ ಇದ್ದರು.

ನಮ್ಮಲ್ಲಿ ಕಥೆ ಬೇರೆ ಏನಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 'ಫೇರ್' ಅನ್ನೋ ಪದ ಬಿಟ್ಟಿದ್ದು 2020ರಲ್ಲಿ. ಟ್ಯೂಬಿನ ಮೇಲಿಂದ ಹೋದ ಪದ ಫೋನಿನ ಬ್ಯೂಟಿ ಫಿಲ್ಟರಿನೊಳಗೆ, ಸ್ಟುಡಿಯೊದ ಸ್ಲೈಡರಿನೊಳಗೆ ಸೇರಿಕೊಂಡಿದೆ. ಬೆಳ್ಳಗಿನ ಬಣ್ಣಕ್ಕೆ ಜಾತಿಯ ವಾಸನೆಯೂ, ವರದಕ್ಷಿಣೆಯ ಲೆಕ್ಕವೂ ಅಂಟಿಕೊಂಡಿರೋ ಸಮಾಜ ನಮ್ಮದು. "ಸ್ವಲ್ಪ ಬೆಳ್ಳಗ ಮಾಡಪಾ" ಅನ್ನೋ ಮಾತು ಅಷ್ಟು ಸಲೀಸಾಗಿ ಬರೋದು ಅದಕ್ಕೇ.

ಮಾನಿಟರ್ ಸರಿಮಾಡಿದ್ರೆ ಈ ರೋಗ ವಾಸಿಯಾಗಲ್ಲ. ಆದರೆ ಒಂದು ನೆಪ ತಪ್ಪುತ್ತೆ. "ಸ್ಕ್ರೀನಿನಲ್ಲಿ ಹಾಗೆ ಕಾಣಿಸ್ತು" ಅನ್ನೋಕೆ ಬರಲ್ಲ. ಮುಖದ ಬಣ್ಣ ಬದಲಾಗಿದ್ರೆ ಯಾರೋ ಬದಲಿಸಿದ್ದಾರೆ ಅಂತಲೇ ಅರ್ಥ.

ದುಡ್ಡಿಲ್ಲದೆ ಎಷ್ಟು ಸಾಧ್ಯ?

ಮಾನಿಟರ್ ಹಚ್ಚಿ ಅರ್ಧ ಗಂಟೆ ಬಿಡಿ, ಬೆಳಕು ಸ್ಥಿರವಾಗಲಿ. ನೈಟ್ ಲೈಟ್, ಆಟೊ ಬ್ರೈಟ್‌ನೆಸ್, 'ವಿವಿಡ್' ಮೋಡ್ ಎಲ್ಲ ಬಂದ್ ಮಾಡಿ. ಮೆನುವಿನಲ್ಲಿ 'ಎಸ್‌ಆರ್‌ಜಿಬಿ' ಮೋಡ್ ಇದ್ರೆ ಅದನ್ನೇ ಆರಿಸಿ. ಇಲ್ಲದಿದ್ರೆ ಬಿಳಿ ಬಣ್ಣ 6500 ಕೆಲ್ವಿನ್, ಗ್ಯಾಮಾ 2.2 ಇಡಿ. ಕಿಟಕಿಯ ಬಿಸಿಲು ಸ್ಕ್ರೀನಿಗೆ ಬೀಳಬಾರದು, ಬೆನ್ನ ಹಿಂದೆ ಗಾಢ ಬಣ್ಣದ ಗೋಡೆ ಬೇಡ. ಸ್ಕ್ರೀನಿನಲ್ಲಿ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಅದೇ ಕೋಣೆಯ ಬೆಳಕಿಗೆ ಬಿಳಿ ಹಾಳೆ ಹಿಡಿದು ನೋಡಿ. ಸ್ಕ್ರೀನ್ ಟ್ಯೂಬ್‌ಲೈಟಿನಂತೆ ಉರೀತಿದ್ರೆ ಬ್ರೈಟ್‌ನೆಸ್ ಇಳಿಸಿ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಕಣ್ಣಳತೆಯಲ್ಲಿ ಹೊಂದಿಸೋ ಉಚಿತ ವ್ಯವಸ್ಥೆ ಇದೆ.

ಕಣ್ಣಳತೆಗೆ ಮಿತಿ ಇದೆ, ಯಾಕಂದ್ರೆ ಕಣ್ಣು ಯಾವ ಬಣ್ಣಕ್ಕಾದರೂ ಬೇಗ ಒಗ್ಗಿಕೊಳ್ಳುತ್ತೆ. ಖಾತ್ರಿ ಬೇಕಂದ್ರೆ ಸಾಧನವೇ ಬೇಕು. ಅದನ್ನು ಒಬ್ಬರೇ ಕೊಳ್ಳಬೇಕಂತಿಲ್ಲ. ನಾಲ್ಕೈದು ಸ್ಟುಡಿಯೊದವರು ಸೇರಿ ಒಂದು ತಂದು, ತಿಂಗಳಿಗೊಮ್ಮೆ ಸರದಿಯಂತೆ ಬಳಸಬಹುದು. ಡಿಸ್‌ಪ್ಲೇಕ್ಯಾಲ್‌ನಂಥ ಸಾಫ್ಟ್‌ವೇರ್ ಉಚಿತವಾಗೇ ಸಿಗುತ್ತೆ. ಪ್ರಿಂಟ್ ಹಾಕೋ ಲ್ಯಾಬಿನಿಂದ ಅವರ ಪ್ರೊಫೈಲ್ ಕೇಳಿ ಪಡೆದ್ರೆ, ಹಾಳೆಯ ಮೇಲೆ ಬಣ್ಣ ಹೇಗೆ ಬರುತ್ತೆ ಅಂತ ಮೊದಲೇ ನೋಡಬಹುದು.

ಇದು ಮದುವೆ ಆಲ್ಬಮ್ಮಿಗಷ್ಟೇ ಸಂಬಂಧಿಸಿದ್ದಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ, ನವಿಲುತೀರ್ಥದಿಂದ ಬಿಟ್ಟ ನೀರು ರಾಮದುರ್ಗದ ಊರುಗಳಿಗೆ ನುಗ್ಗಿತ್ತು. ನೀರು ಎಲ್ಲಿವರೆಗೆ ಬಂದಿತ್ತು ಅಂತ ಹೇಳೋದು ಗೋಡೆಯ ಮೇಲೆ ಉಳಿದ ಕೆಸರಿನ ಗೆರೆ. ಮಣ್ಣಿನ ಗೋಡೆಯ ಮೇಲಿನ ಮಣ್ಣಿನ ಗೆರೆಯದು, ಎರಡರ ಬಣ್ಣಕ್ಕೆ ತುಸುವೇ ವ್ಯತ್ಯಾಸ. ಕೆಟ್ಟ ಸ್ಕ್ರೀನಿನ ಮುಂದೆ ಕೂತು ಫೋಟೊ 'ಚಂದ' ಮಾಡಿದ್ರೆ ಮೊದಲು ಅಳಿಸಿಹೋಗೋದು ಆ ಗೆರೆ. ಪರಿಹಾರ ಕೇಳೋ ಕುಟುಂಬಕ್ಕೆ ಅದು ಸಾಕ್ಷಿ.

ತಂಗಿಯ ಮೂಲ ಫೈಲ್‌ಗಳನ್ನು ಸ್ಟುಡಿಯೊದಿಂದ ಕೇಳಿ ತಂದೆ. ಗೆಳೆಯನ ಕಲರಿಮೀಟರ್ ಎರವಲು ಪಡೆದು ಮಾನಿಟರ್ ಸರಿಮಾಡಿ, ಹನ್ನೆರಡು ಫೋಟೊ ಮತ್ತೆ ಪ್ರಿಂಟ್ ಹಾಕಿಸಿದೆ. ಮುಖದ ಸ್ಲೈಡರ್ ಮುಟ್ಟಲಿಲ್ಲ. ಬಂಡೆ ಕೆಂಪಾಗಿದೆ, ಹುಡುಗಿ ತನ್ನ ಬಣ್ಣದಲ್ಲೇ ಇದ್ದಾಳೆ. ಅದರಲ್ಲೊಂದನ್ನು ಅವಳು ಅತ್ತೆ ಮನೆಯ ಪಡಸಾಲೆಯಲ್ಲಿ ಹಾಕಿದ್ದಾಳೆ. "ಸ್ವಲ್ಪ ಕಪ್ಪಾಗಿ ಬಂದೈತಲ್ಲ?" ಅಂತ ಕೇಳಿದವರಿಗೆ, "ಇಲ್ರಿ, ಸರಿಯಾಗಿ ಬಂದೈತಿ" ಅಂತಾಳೆ.