ಪಾಠ ಮೀರಿದ ಕಣ

ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಕೂಡಿದರೆ ಮೆಸಾನ್. ಮೂರು ಕ್ವಾರ್ಕ್ ಕೂಡಿದರೆ ಪ್ರೋಟಾನಿನಂಥ ಕಣ. ತರಗತಿಯಲ್ಲಿ ನಾನು ಬಹುಕಾಲ ಹೀಗೆಯೇ ಹೇಳುತ್ತ ಬಂದೆ. ೨೦೦೩ರಲ್ಲಿ ಜಪಾನಿನ ಬೆಲ್ ಪ್ರಯೋಗದಲ್ಲಿ ಕಂಡ ಕಣವೊಂದು ಈ ಪಾಠವನ್ನು ಅಲುಗಿಸಿತು. ಅದರ ಹೆಸರು ಎಕ್ಸ್-೩೮೭೨. ಪ್ರೋಟಾನಿನ ಸುಮಾರು ನಾಲ್ಕು ಪಟ್ಟು ಭಾರ. ಸೋಜಿಗವೆಂದರೆ, ಡಿ ಜಾತಿಯ ಎರಡು ಮೆಸಾನ್‌ಗಳ ರಾಶಿಯನ್ನು ಕೂಡಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಹಾಗಾದರೆ ಇದು ಆ ಎರಡು ಮೆಸಾನ್‌ಗಳು ಸಡಿಲವಾಗಿ ಬೆಸೆದುಕೊಂಡ ಜೋಡಿಯೋ, ಎರಡು ಕ್ವಾರ್ಕ್ ಹಾಗೂ ಎರಡು ಪ್ರತಿಕ್ವಾರ್ಕ್‌ಗಳ ಬಿಗಿಯಾದ ಗಂಟೋ?

೨೦೧೩ರಲ್ಲಿ ಸೆರ್ನ್ ಪ್ರಯೋಗಾಲಯದಲ್ಲಿ ಇದರ ಗಿರಕಿಯ ಪ್ರಮಾಣ ಖಚಿತವಾಯಿತು. ಒಳರಚನೆಯ ವಾದ ಇನ್ನೂ ಮುಗಿದಿಲ್ಲ. ಕ್ವಾರ್ಕ್‌ಗಳನ್ನು ಬಂಧಿಸುವ ಬಲದ ಸಮೀಕರಣಗಳನ್ನು ನಾವು ಬಲ್ಲೆವು. ಆ ಬಲ ಏನೇನನ್ನು ಕಟ್ಟಬಲ್ಲುದೆಂಬುದನ್ನು ಪೂರ್ಣವಾಗಿ ಅರಿಯೆವು. ಈಗ ಅದೇ ಪಾಠ ಹೇಳುವಾಗ ‘ಸಾಮಾನ್ಯವಾಗಿ’ ಎಂಬ ಮಾತೊಂದನ್ನು ಸೇರಿಸುತ್ತೇನೆ.