ಮೇಜಿನ ಮೇಲೊಂದು ಬೀದಿ ಕಾಳಗ

ಮೇಜಿನ ಮೇಲೆ ರಟ್ಟಿನ ಮನೆಗಳು. ಅವುಗಳ ನಡುವೆ ಹೆಬ್ಬೆರಳಿಗಿಂತ ಚಿಕ್ಕ ಸೈನಿಕರು. ಇದು ಬರಿಯ ಮಕ್ಕಳಾಟವೆಂದು ನಗಬೇಡಿ. 1824ರಲ್ಲಿಯೇ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ಯುದ್ಧಕ್ರೀಡೆಯಲ್ಲಿ ದಾಳವನ್ನು ಬಳಸಿದನು. ಗುಂಡು ತಾಗುವುದೂ ತಪ್ಪುವುದೂ ಸಂಭವನೀಯತೆಯ ವಿಷಯವಲ್ಲವೆ?

ನಮ್ಮ ಆಟದ ಪ್ರಮಾಣ 1:72 ಎಂದಿಟ್ಟುಕೊಳ್ಳೋಣ. 10 ಮೀಟರ್ ಅಗಲದ ಬೀದಿ ಇಲ್ಲಿ ಸುಮಾರು 14 ಸೆಂಟಿಮೀಟರ್. ಬೀದಿಯ ಕೊನೆಯ ಕಿಟಕಿಯಲ್ಲಿ ಶತ್ರುವಿನ ಮೆಷಿನ್‌ಗನ್. ಬಯಲಿನಲ್ಲಿರುವ ಸೈನಿಕನಿಗಾಗಿ ಸರದಿಗೊಮ್ಮೆ ದಾಳವನ್ನು ಉರುಳಿಸಬೇಕು; ಆರು ಬಿದ್ದರೆ ಅವನು ಸತ್ತಂತೆ. ಉಳಿಯುವ ಸಂಭವ 5/6, ಧೈರ್ಯ ತರುವಂಥದೇ. ಆದರೆ ಮುಂದಿನ ಮೂಲೆಯನ್ನು ಮುಟ್ಟಲು ನಾಲ್ಕು ಸರದಿಗಳು ಬೇಕಾದರೆ? ನಾಲ್ಕು 5/6ಗಳನ್ನು ಗುಣಿಸಿ: 625/1296. ಅರ್ಧಕ್ಕಿಂತಲೂ ಕಡಮೆ! ಗೋಡೆಯ ಮರೆಯಲ್ಲಿಯಾದರೋ ದೃಷ್ಟಿರೇಖೆಯೇ ಕಡಿದುಹೋಗುವುದರಿಂದ ದಾಳ ಉರುಳುವ ಪ್ರಸಂಗವೇ ಇಲ್ಲ.

ಈ ಲೆಕ್ಕವನ್ನು ನಿಜವಾದ ಸೈನಿಕರು ರಕ್ತ ತೆತ್ತು ಕಲಿತರು. 1943ರ ಡಿಸೆಂಬರಿನಲ್ಲಿ ಇಟಲಿಯ ಓರ್ಟೋನಾ ಪಟ್ಟಣದಲ್ಲಿ ಜರ್ಮನರನ್ನು ಎದುರಿಸಿದ ಕೆನಡದ ಪಡೆಗಳು ಆದಷ್ಟು ಬೀದಿಗಿಳಿಯದೆ, ಒಂದಕ್ಕೊಂದು ಅಂಟಿಕೊಂಡ ಮನೆಗಳ ನಡುಗೋಡೆಗಳನ್ನು ಸ್ಫೋಟಕಗಳಿಂದ ಒಡೆದು ಮನೆಯಿಂದ ಮನೆಗೆ ನುಗ್ಗಿದವು. ನಾಲ್ಕಾರು ಗೊಂಬೆಗಳನ್ನು ಕಳೆದುಕೊಂಡ ಆಟಗಾರನಿಗೂ ಈ ಉಪಾಯ ಹೊಳೆಯದಿರದು.

ಆದರೆ ದಾಳ ಎಲ್ಲವನ್ನೂ ಹೇಳದು. ಓರ್ಟೋನಾದ ಸುಮಾರು 1,300 ನಾಗರಿಕರು ಆ ಕಾಳಗದಲ್ಲಿ ಮಡಿದರು. ನಮ್ಮ ಮೇಜಿನ ಮೇಲೆ ಅವರಿಗಾಗಿ ಒಂದು ಗೊಂಬೆಯೂ ಇಲ್ಲ. ಆಟ ಮುಗಿದೊಡನೆ ಬಿದ್ದ ಸೈನಿಕರನ್ನೆಲ್ಲ ಎತ್ತಿ ಪೆಟ್ಟಿಗೆಯಲ್ಲಿಡುತ್ತೇವೆ, ಮರುದಿನದ ಆಟಕ್ಕೆಂದು. ವಿದ್ಯಾರ್ಥಿಗಳೆ, ದಾಳವನ್ನು ಉರುಳಿಸುವಾಗ ಈ ವ್ಯತ್ಯಾಸವನ್ನು ಮರೆಯದಿರಿ.