ಗಾಳದ ತಲೆಯ ತೂಕ

ಕೆರೆಯ ಏರಿಯ ಮೇಲೆ ಗಾಳ ಹಾಕಿಕೊಂಡು ಕುಳಿತವರನ್ನು ನಾವೆಲ್ಲರೂ ನೋಡಿದ್ದೇವೆ. ಒಂದು ಬಿದಿರ ಕೋಲು, ಒಂದು ದಾರ, ಅದರ ತುದಿಯಲ್ಲಿ ಎರೆಹುಳುವನ್ನು ಚುಚ್ಚಿದ ಕೊಕ್ಕೆ, ಉಳಿದುದೆಲ್ಲ ತಾಳ್ಮೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಕೆಲಸವನ್ನು ಲಕ್ಷಾಂತರ ಜನರು ವಿನೋದಕ್ಕಾಗಿ ಮಾಡುತ್ತಾರೆ. ಆದರೆ ಅವರಲ್ಲಿ ಅನೇಕರ ಕೊಕ್ಕೆಯಲ್ಲಿರುವುದು ನಿಜವಾದ ಹುಳುವಲ್ಲ, ಮೆತ್ತನೆಯ ಪ್ಲಾಸ್ಟಿಕ್ಕಿನ ಹುಳು. ಅದಕ್ಕೆ ಜೀವವಿಲ್ಲ, ತಾನಾಗಿ ಅಲುಗಲಾರದು. ಆದರೂ ಮೀನು ಅದನ್ನು ನುಂಗಲು ಧಾವಿಸಿ ಬರುತ್ತದೆ. ಇದು ಹೇಗೆ ಸಾಧ್ಯ? ಉತ್ತರದ ಹೆಚ್ಚಿನ ಭಾಗ ಅಡಗಿರುವುದು ಹುಳುವಿನಲ್ಲಲ್ಲ, ಅದರ ಮುಂತುದಿಯಲ್ಲಿರುವ ಲೋಹದ ಸಣ್ಣ ಗುಂಡಿನಲ್ಲಿ.

ಇವರು ಹಿಡಿಯಬಯಸುವುದು ಮುಖ್ಯವಾಗಿ ದೊಡ್ಡ ಬಾಯಿಯ ಬಾಸ್ ಎಂಬ ಸಿಹಿನೀರಿನ ಮೀನನ್ನು. ೧೯೩೨ರಲ್ಲಿ ಜಾರ್ಜಿಯ ಸಂಸ್ಥಾನದಲ್ಲಿ ಜಾರ್ಜ್ ಪೆರ್ರಿ ಎಂಬುವರು ಹಿಡಿದ ಬಾಸ್ ೨೨ ಪೌಂಡು ೪ ಔನ್ಸು, ಎಂದರೆ ೧೦ ಕಿಲೋಗ್ರಾಮಿಗೂ ತುಸು ಹೆಚ್ಚು, ತೂಗಿತು. ಈ ಮೀನು ಜೊಂಡಿನ ಮರೆಯಲ್ಲೋ ಮುಳುಗಿದ ಮರದ ಬುಡದಲ್ಲೋ ಹೊಂಚುಹಾಕಿ ನಿಲ್ಲುತ್ತದೆ. ಬೇಟೆ ಹತ್ತಿರ ಬಂದಾಗ ಬಾಯನ್ನು ಥಟ್ಟನೆ ಅಗಲಿಸುತ್ತದೆ. ಬಾಯಿಯೊಳಗಿನ ಅವಕಾಶ ಒಮ್ಮೆಲೇ ಹಿಗ್ಗುವುದರಿಂದ ನೀರು ಒಳಕ್ಕೆ ನುಗ್ಗುತ್ತದೆ. ನೀರಿನೊಡನೆ ಬೇಟೆಯೂ ಒಳಸೇರುತ್ತದೆ.

ಬೇಟೆಯನ್ನು ಗುರುತಿಸಲು ಬಾಸಿಗೆ ಕಣ್ಣುಗಳಲ್ಲದೆ ಇನ್ನೊಂದು ಸಾಧನವೂ ಉಂಟು. ಅದರ ದೇಹದ ಎರಡೂ ಪಕ್ಕಗಳಲ್ಲಿ ತಲೆಯಿಂದ ಬಾಲದವರೆಗೆ ಒಂದೊಂದು ಪಾರ್ಶ್ವರೇಖೆ ಇರುತ್ತದೆ. ಈ ರೇಖೆಯಲ್ಲಿ ನವುರಾದ ರೋಮಗಳುಳ್ಳ ಜೀವಕೋಶಗಳಿವೆ. ಹತ್ತಿರದಲ್ಲಿ ಏನಾದರೂ ಚಲಿಸಿ ನೀರು ಕದಲಿದರೆ ಈ ರೋಮಗಳು ಬಾಗುತ್ತವೆ. ಆ ಸುದ್ದಿ ನರಗಳ ಮೂಲಕ ಮೆದುಳನ್ನು ಮುಟ್ಟುತ್ತದೆ. ಆದುದರಿಂದ ಬಾಸನ್ನು ವಂಚಿಸಬೇಕಾದರೆ ಹುಳುವಿನ ರೂಪವೊಂದೇ ಸಾಲದು. ಅದರ ಚಲನೆಯೂ ಜೀವಿಯ ಚಲನೆಯನ್ನು ಹೋಲಬೇಕು.

ರೂಪವನ್ನು ಒದಗಿಸುವುದು ಪ್ಲಾಸ್ಟಿಕ್ಕು. ೧೯೪೯ರಲ್ಲಿ ಒಹಾಯೊ ಸಂಸ್ಥಾನದ ಆಕ್ರನ್ ನಗರದ ನಿಕ್ ಕ್ರೀಮ್ ಎಂಬುವರು ಮೆತ್ತನೆಯ ಪ್ಲಾಸ್ಟಿಕ್ಕಿನಿಂದ ಎರೆಹುಳುವಿನಂಥ ಎರೆಯನ್ನು ತಯಾರಿಸಿದರು. ಇಂದು ಇಂಥ ಎರೆಗಳನ್ನು ಹೆಚ್ಚಾಗಿ ಪಾಲಿವಿನೈಲ್ ಕ್ಲೋರೈಡಿಗೆ ಮೆದುಗೊಳಿಸುವ ಎಣ್ಣೆಯಂಥ ದ್ರವ ಬೆರೆಸಿ, ಕಾಯಿಸಿ, ಅಚ್ಚಿಗೆ ಹೊಯ್ದು ಮಾಡುತ್ತಾರೆ. ಹೀಗಾದ ವಸ್ತು ಬಳುಕುತ್ತದೆ. ಅದರ ಸಾಂದ್ರತೆ ನೀರಿನ ಸಾಂದ್ರತೆಗೆ ಸಮೀಪ. ಆದಕಾರಣ ಅದು ನೀರಿನಲ್ಲಿ ಬಹುಮಟ್ಟಿಗೆ ತೂಕವಿಲ್ಲದಂತೆ ಇರುತ್ತದೆ. ಅದನ್ನು ಮುಳುಗಿಸಲು ಕೊಕ್ಕೆಯ ಕತ್ತಿನಲ್ಲಿ ಲೋಹದ ಗುಂಡನ್ನು ಎರಕ ಹೊಯ್ದಿರುತ್ತಾರೆ. ಗುಂಡೂ ಕೊಕ್ಕೆಯೂ ಕೂಡಿದ ಈ ಸಾಧನಕ್ಕೆ ಜಿಗ್ ತಲೆ ಎಂದು ಹೆಸರು.

ಮುಳುಗುವ ಜಿಗ್ಗಿನ ಮೇಲೆ ಮೂರು ಬಲಗಳು ವರ್ತಿಸುತ್ತವೆ. ಭೂಮಿಯ ಆಕರ್ಷಣೆ ಅದನ್ನು ಕೆಳಕ್ಕೆ ಎಳೆಯುತ್ತದೆ. ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಬೀಳುವ ವೇಗ ಹೆಚ್ಚಿದಂತೆ ನೀರಿನ ತಡೆಯೂ ಹೆಚ್ಚುತ್ತದೆ. ಈ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಬೇಗನೆ ಬಲಗಳು ಸರಿತೂಗಿ, ಅನಂತರ ಜಿಗ್ಗು ಒಂದೇ ವೇಗದಲ್ಲಿ ಇಳಿಯುತ್ತದೆ. ಇದರಿಂದ ಒಂದು ಕುತೂಹಲಕರ ಲೆಕ್ಕ ಹೊರಡುತ್ತದೆ. ಹುಳು ಒಂದೇ ಆಗಿದ್ದು, ತಲೆಯ ತೂಕವನ್ನು ಮೂರೂವರೆ ಗ್ರಾಮಿನಿಂದ ಹದಿನಾಲ್ಕು ಗ್ರಾಮಿಗೆ ಏರಿಸಿದೆವೆನ್ನೋಣ. ತೂಕ ನಾಲ್ಕು ಪಟ್ಟಾಯಿತು. ಇಳಿಯುವ ವೇಗವಾದರೋ ಸುಮಾರು ಎರಡು ಪಟ್ಟು ಮಾತ್ರ. ತೂಕವನ್ನು ಬದಲಿಸದೆ ಅಗಲವಾದ ಬಾಲವುಳ್ಳ ಹುಳುವನ್ನು ಚುಚ್ಚಿದರೆ ನೀರಿನ ತಡೆ ಹೆಚ್ಚಿ ವೇಗ ತಗ್ಗುತ್ತದೆ. ಆದುದರಿಂದ ತಲೆಯನ್ನೂ ಹುಳುವನ್ನೂ ಒಟ್ಟಿಗೆ ಆರಿಸಬೇಕು.

ಹಾಗಾದರೆ ಎಷ್ಟು ತೂಕ ಸರಿ? ಹಗುರವಾದ ತಲೆ ನಿಧಾನವಾಗಿ ಇಳಿಯುತ್ತದೆ. ಹುಳು ಬಳುಕುತ್ತ ಹೆಚ್ಚು ಹೊತ್ತು ಮೀನಿನ ಮುಂದೆ ಇರುತ್ತದೆ. ಮೀನು ಶೀತರಕ್ತ ಪ್ರಾಣಿಯಾದುದರಿಂದ ಚಳಿಗಾಲದಲ್ಲಿ ಅದರ ಚಟುವಟಿಕೆ ತಗ್ಗುತ್ತದೆ. ಆಗ ನಿಧಾನವೇ ಲೇಸು. ಆದರೆ ನೀರು ಆಳವಾಗಿದ್ದರೆ ಅಥವಾ ಗಾಳಿ ಬೀಸಿ ದಾರ ಬಿಲ್ಲಿನಂತೆ ಬಾಗಿದರೆ, ಹಗುರವಾದ ತಲೆ ತಳ ಮುಟ್ಟಿತೋ ಇಲ್ಲವೋ ಕೈಗೆ ತಿಳಿಯದು. ಆದಕಾರಣ ನುರಿತವರು ಪಾಲಿಸುವ ಸೂತ್ರವಿದು: ತಳ ಮುಟ್ಟಿದ್ದು ಕೈಗೆ ತಿಳಿಯುವಷ್ಟು ತೂಕವಿರಲಿ, ಅದಕ್ಕಿಂತ ಹೆಚ್ಚು ಬೇಡ.

ತಲೆಯ ಆಕಾರವೂ ಮುಖ್ಯ. ಜೊಂಡಿನಲ್ಲಿ ನುಸುಳಲು ಚೂಪಾದ ಮೂತಿಯ ತಲೆ ಒಳ್ಳೆಯದು. ದಾರ ಕಟ್ಟುವ ಕಣ್ಣು ಮೂತಿಯ ತುದಿಯಲ್ಲಿದ್ದರೆ ಸಸ್ಯಗಳು ಸಿಕ್ಕಿಕೊಳ್ಳುವುದು ಕಡಮೆ. ಕಲ್ಲುಗಳ ತಳಕ್ಕೆ ಅಡ್ಡಲಾಗಿ ಉದ್ದವಾದ ತಲೆ ಲೇಸು. ಅದು ಪಕ್ಕಕ್ಕೆ ಉರುಳದೆ ಕಲ್ಲುಗಳ ಮೇಲೆ ಓಲಾಡುತ್ತ ಸಾಗುತ್ತದೆ. ತಳ ಚಪ್ಪಟೆಯಾದ ತಲೆ ನೆಲದ ಮೇಲೆ ನೆಟ್ಟಗೆ ಕುಳಿತು ಹುಳುವಿನ ಬಾಲವನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ಎಲ್ಲದರಲ್ಲಿಯೂ ಭಾರ ಕೆಳಗಡೆಗೆ ಹೆಚ್ಚಾಗಿರುವುದರಿಂದ ಕೊಕ್ಕೆಯ ಮೊನೆ ಮೇಲ್ಮುಖವಾಗಿ ನಿಂತು, ತಳದ ಕಸಕಡ್ಡಿಗೆ ಸಿಕ್ಕುವುದು ಕಡಮೆಯಾಗುತ್ತದೆ.

ಎಸೆದ ಮೇಲೆ ಮಾಡಬೇಕಾದುದು ಎಣಿಸುವುದು. ಜಿಗ್ಗು ನೀರಿಗೆ ಬಿದ್ದೊಡನೆ ಒಂದು, ಎರಡು ಎಂದು ಎಣಿಸುತ್ತ ದಾರವನ್ನು ನೋಡುತ್ತಿರಬೇಕು. ಮೊದಲ ಸಲ ಹತ್ತಕ್ಕೆ ತಳ ಮುಟ್ಟಿ, ಅದೇ ಜಾಗದಲ್ಲಿ ಮರುಸಲ ಆರಕ್ಕೇ ದಾರ ಸಡಿಲವಾದರೆ ನಡುವೆ ಮೀನು ಅದನ್ನು ಬಾಯಿಗೆ ಹಾಕಿಕೊಂಡಿರಬಹುದು. ತಳ ಮುಟ್ಟಿದ ಮೇಲೆ ಕೋಲಿನ ತುದಿಯನ್ನು ಮೆಲ್ಲಗೆ ಎತ್ತಿ ಮತ್ತೆ ಇಳಿಯಬಿಡಬೇಕು. ಗಾಯಗೊಂಡ ಬೇಟೆಯಂತೆ ಜಿಗ್ಗು ಇಳಿಯುವ ಆ ಗಳಿಗೆಯಲ್ಲಿಯೇ ಬಾಸ್ ಅನೇಕ ವೇಳೆ ಎರಗುತ್ತದೆ.

ಇಲ್ಲಿಗೆ ಮೀನಿನ ಕಥೆ ಮುಗಿಯಿತು. ಲೋಹದ ಕಥೆ ಮುಗಿಯಲಿಲ್ಲ. ಜಿಗ್ ತಲೆಗೆ ಬಹುಕಾಲದಿಂದ ಸೀಸವೇ ಬಳಕೆಯಲ್ಲಿದೆ. ಅದು ಅಗ್ಗ, ಸಾಂದ್ರತೆ ನೀರಿನ ೧೧.೩ ಪಟ್ಟು, ೩೨೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ ಎರಕ ಹೊಯ್ಯುವುದು ಸುಲಭ. ಆದರೆ ದಾರ ಹರಿದರೆ ಜಿಗ್ಗು ಕೆರೆಯ ತಳದಲ್ಲಿಯೋ ಮೀನಿನ ಬಾಯಲ್ಲಿಯೋ ಉಳಿದುಬಿಡುತ್ತದೆ. ಉತ್ತರ ಅಮೆರಿಕದ ಸರೋವರಗಳಲ್ಲಿ ಲೂನ್ ಎಂಬ ಮುಳುಗುಹಕ್ಕಿ ವಾಸಿಸುತ್ತದೆ. ಆಹಾರವನ್ನು ಅರೆಯಲು ಅದು ಸಣ್ಣ ಕಲ್ಲುಗಳನ್ನು ನುಂಗುವುದುಂಟು. ಕಲ್ಲೆಂದು ಸೀಸದ ಗುಂಡನ್ನು ನುಂಗಿದರೆ, ಅಥವಾ ಜಿಗ್ಗು ಸಿಕ್ಕಿದ ಮೀನನ್ನೇ ತಿಂದರೆ, ಜಠರದ ಆಮ್ಲದಲ್ಲಿ ಸೀಸ ಕರಗಿ ರಕ್ತಕ್ಕೆ ಸೇರುತ್ತದೆ. ಒಂದೇ ಒಂದು ಜಿಗ್ಗು ಸಾಕು. ಕೆಲವೇ ವಾರಗಳಲ್ಲಿ ಹಕ್ಕಿ ಸಾಯುತ್ತದೆ. ಈ ಕಾರಣದಿಂದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು ೨೦೦೦ದಲ್ಲಿ ಸರೋವರಗಳಲ್ಲಿ ಸಣ್ಣ ಸೀಸದ ಗುಂಡುಗಳ ಬಳಕೆಯನ್ನು ನಿಷೇಧಿಸಿತು. ೨೦೧೬ರಿಂದ ಒಂದು ಔನ್ಸಿನೊಳಗಿನ ಸೀಸದ ಜಿಗ್ಗುಗಳ ಮಾರಾಟವನ್ನೂ ತಡೆಯಿತು.

ಸೀಸಕ್ಕೆ ಬದಲಾಗಿ ಇಂದು ತವರ, ಬಿಸ್ಮತ್, ಟಂಗ್‌ಸ್ಟನ್ ದೊರೆಯುತ್ತವೆ. ತವರ ಹಗುರ, ಅದೇ ತೂಕಕ್ಕೆ ತಲೆ ದೊಡ್ಡದಾಗುತ್ತದೆ. ಟಂಗ್‌ಸ್ಟನ್ನಿನ ಸಾಂದ್ರತೆ ನೀರಿನ ೧೯ ಪಟ್ಟಿಗೂ ಹೆಚ್ಚು; ಅದೇ ತೂಕದ ತಲೆ ಸೀಸದ್ದಕ್ಕಿಂತ ಚಿಕ್ಕದಾಗುತ್ತದೆ. ಅದು ಗಡುಸಾದುದರಿಂದ ಕಲ್ಲಿಗೆ ತಗಲಿದ್ದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಬೆಲೆ ಮಾತ್ರ ಹೆಚ್ಚು. ೩,೪೦೦ ಡಿಗ್ರಿಗೂ ಮೇಲೆ ಕರಗುವ ಲೋಹವನ್ನು ಮನೆಯ ಒಲೆಯಲ್ಲಿ ಎರಕ ಹೊಯ್ಯುವಂತಿಲ್ಲ.

ಗಾಳ ಹಾಕುವವನು ತಲೆಯನ್ನು ಆರಿಸುವಾಗ ತನ್ನ ಕೈಗೆ ಬರುವ ಮೀನನ್ನು ನೆನೆಯುತ್ತಾನೆ. ದಾರ ಹರಿದ ಮೇಲೆ ನೀರಿನಲ್ಲಿ ಉಳಿಯುವ ಗುಂಡನ್ನೂ ನೆನೆದರೆ, ಆ ಆಯ್ಕೆ ಪೂರ್ಣವಾಗುತ್ತದೆ.